ಬಲ ಬಳಸಬೇಡಿ

ನಾನು ಸೊಟ್ಟಗಿದ್ದೇನೆ ಎಂಬ ವಿಷಯ ನನಗೆ ತಿಳಿದದ್ದು ಐವತ್ತಾರನೆಯ ವಯಸ್ಸಿನಲ್ಲಿ, ಗೋಡೆಗೆ ಮೊಳೆ ಹೊಡೆದ ಮೇಲೆ. ಅದುವರೆಗೆ ಯಾರೂ ನನ್ನನ್ನು ಹಾಗೆ ಅಂದಿರಲಿಲ್ಲ. ಮದುವೆ ನೋಂದಣಿ ಕಚೇರಿಯ ಅಧಿಕಾರಿಯಾಗಿ ಇಪ್ಪತ್ತೆರಡು ವರ್ಷ ಸಾವಿರಾರು ಜೋಡಿಗಳನ್ನು ಗಂಡಹೆಂಡಿರನ್ನಾಗಿ ಮಾಡಿ ಕಳಿಸಿದವನು ನಾನು. ಅವರಲ್ಲಿ ಕೆಲವರು ಆಮೇಲೆ ಏನೇನೋ ದೂರು ಹೊತ್ತು ಬಂದಿದ್ದರು. ಅಧಿಕಾರಿ ಸೊಟ್ಟಗಿದ್ದ ಎಂದು ಮಾತ್ರ ಒಬ್ಬರೂ ದೂರಿದ್ದಿಲ್ಲ.

ಆದದ್ದು ಇಷ್ಟು. ಮಗಳಿಗೆ ಗಂಡು ಗೊತ್ತಾಗಿತ್ತು. ಬೀಗರ ಮನೆಯವರು ಬಂದು ದಿನ ಗೊತ್ತುಮಾಡಿದರು. ಹೊರಡುವ ಮುನ್ನ ಎಲ್ಲರೂ ಸಾಲಾಗಿ ನಿಂತು ಒಂದು ಫೋಟೋ ತೆಗೆಸಿಕೊಂಡೆವು. ನನ್ನವಳು ಅದಕ್ಕೆ ಕಟ್ಟು ಹಾಕಿಸಿ ತಂದಳು. ನಾನು ಸ್ಟೂಲು ಹತ್ತಿ ನೇತುಹಾಕಿದೆ.

"ರೀ, ಸೊಟ್ಟಗಿದೆ," ಎಂದಳು ಅವಳು ದೂರ ನಿಂತು. "ಒಂದು ಕಡೆ ಇಳಿಸಿ. ಇನ್ನೂ ಸ್ವಲ್ಪ. ಹಾಂ, ಈಗ ನೀವು ನೆಟ್ಟಗಿದ್ದೀರಿ."

ಇಳಿದು ಬಂದು ನೋಡಿದೆ. ನಿಜ, ನಾನು ನೆಟ್ಟಗಿದ್ದೆ. ಆದರೆ ಬೀಗರು, ಬೀಗಿತ್ತಿ, ಮಗಳು, ಅಳಿಯನಾಗುವವನು, ಹಿಂದಿದ್ದ ಬೀರು, ಬೀರುವಿನ ಮೇಲಿದ್ದ ಗಡಿಯಾರ ಎಲ್ಲವೂ ಕಿಟಕಿಯ ಕಡೆಗೆ ಜಾರಿಕೊಂಡು ಹೋಗುತ್ತಿದ್ದವು.

"ಇಷ್ಟೂ ಜನ ಅವತ್ತು ಒಂದೇ ಕಡೆಗೆ ವಾಲಿ ನಿಂತಿದ್ರಾ?" ಎಂದೆ.

"ಇಲ್ಲಪ್ಪ," ಎಂದಳು ಮಗಳು. "ಅವರೆಲ್ಲ ನೆಟ್ಟಗೇ ನಿಂತಿದ್ರು. ನೀನೊಬ್ಬನೇ ಬೇರೆ ಥರ."

ತಾಯಿ ಮಗಳು ಸೇರಿ ಟೇಪು ಹಿಡಿದು ನನ್ನನ್ನು ಅಳೆದರು. ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಮೇಲಿತ್ತು. ಎರಡು ಬಕೆಟ್ ತುಂಬ ನೀರು ತುಂಬಿಸಿ ಎತ್ತಲು ಹೇಳಿದರು. ಬಲಗೈಯ ಬಕೆಟ್ಟು ಸೊಂಟದವರೆಗೆ ಬಂತು. ಎಡಗೈಯದು ನೆಲ ಬಿಟ್ಟು ಏಳಲು ಒಪ್ಪಲೇ ಇಲ್ಲ. ಯೋಚಿಸಿ ನೋಡಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ಠಸ್ಸೆ ಹೊಡೆಯುವುದು ಬಲಗೈ, ಸಹಿ ಹಾಕುವುದು ಬಲಗೈ, ಕಡತದ ಚೀಲ ಹೊರುವುದು ಬಲಭುಜ. ಎಡಗೈಗೆ ನಾನು ವಹಿಸಿಕೊಟ್ಟಿದ್ದ ಏಕೈಕ ಜವಾಬ್ದಾರಿಯೆಂದರೆ ಗಡಿಯಾರ ಕಟ್ಟಿಸಿಕೊಳ್ಳುವುದು.

ಮದುವೆಗೆ ಆರು ವಾರವಿತ್ತು. ಅದು ನಡೆಯಬೇಕಾದದ್ದು ನನ್ನ ಕಚೇರಿಯಲ್ಲೇ. "ನನ್ನ ಮದುವೆ ಪತ್ರಕ್ಕೆ ಅಪ್ಪನ ಸಹೀನೇ ಬೇಕು. ಇಲ್ದಿದ್ರೆ ನಾನು ಅಲ್ಲಿಗೆ ಬರೋದೇ ಇಲ್ಲ," ಎಂದು ಮಗಳು ಹಟ ಹಿಡಿದಿದ್ದಳು. ನಾನು ನಿಯಮಪುಸ್ತಕವನ್ನು ಎರಡು ಸಲ ಪೂರ್ತಿ ಓದಿದ್ದೆ. ಅಧಿಕಾರಿ ತನ್ನ ಮದುವೆಯನ್ನು ತಾನೇ ನೋಂದಾಯಿಸುವಂತಿಲ್ಲ ಎಂದಿತ್ತು. ಅಧಿಕಾರಿಗೆ ಮಗಳಿರಬಹುದು ಎಂಬುದು ಬರೆದವರಿಗೆ ಹೊಳೆದಿರಲಿಲ್ಲ. ಹಾಗಾಗಿ ಸಹಿ ನನ್ನದೇ ಎಂದು ತೀರ್ಮಾನವಾಗಿತ್ತು. ನನ್ನ ಒಬ್ಬಳೇ ಮಗಳ ಮದುವೆಯ ಫೋಟೋದಲ್ಲಿ ನಾನು ಕಂಬದ ಹಾಗೆ ನೆಟ್ಟಗೆ ನಿಲ್ಲಬೇಕು ಎಂದು ಅವತ್ತೇ ಶಪಥ ಮಾಡಿದೆ.

ಮರುದಿನವೇ ಫಿಸಿಯೋಥೆರಪಿ ಡಾಕ್ಟರ ಹತ್ತಿರ ಹೋದೆ. ಇನ್ನೂ ಎಳೆಯ ವಯಸ್ಸಿನವರು. ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದೇನೂ ರೋಗ ಅಲ್ಲ ಸಾರ್. ಒಂದು ಕಡೆ ಶಕ್ತಿ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಎರಡೂ ಕೈಗೆ ಬೇರೆ ಬೇರೆಯಾಗಿ ಭಾರ ಕೊಡಿ. ಮೊದಲು ಎಡಗೈ. ಅದು ಹತ್ತು ಸಲ ಎತ್ತಿದ್ರೆ ಬಲಗೈಗೂ ಹತ್ತೇ ಸಲ. ಹನ್ನೊಂದನೇದು ಬೇಡ. ಆರು ವಾರ ಮಾಡಿ, ಆಮೇಲೆ ಬನ್ನಿ."

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಹೆಸರು ನೋಡಿದ್ದೇ ತಡ, ಡಾಕ್ಟರ ಮುಖ ಅರಳಿತು. ಫೋನಿಗೆ ಕೈ ಅಡ್ಡ ಹಿಡಿದು ನನಗೆ ಅವಸರದಲ್ಲಿ ಹೇಳಿದರು: "ಒಂದು ಮುಖ್ಯವಾದ ವಿಷಯ ಸಾರ್. ಏನೇ ಮಾಡಿದ್ರೂ ಬಲ ಮಾತ್ರ ಬಳಸ್ಬೇಡಿ. ಬಲ ಬಳಸಿದ್ರೋ, ಕೆಟ್ಟಿತು!"

ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಮೊದಲು ಬಲಗೈಗೂ ಹತ್ತು ಸಲ ಎಂದರು. ಕೊನೆಗೆ ಬಲ ಬಳಸಲೇಬೇಡಿ ಎಂದರು. ಬೇರೆ ಯಾರಾದರೂ ಆಗಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದರು. ನಾನು ಕಚೇರಿಯ ಮನುಷ್ಯ. ಹೊಸ ಸುತ್ತೋಲೆ ಬಂತೆಂದರೆ ಅದೇ ವಿಷಯದ ಹಳೆಯ ಸುತ್ತೋಲೆ ರದ್ದಾಯಿತು ಎಂದೇ ಅರ್ಥ. ಕೊನೆಯ ಆದೇಶ ಸ್ಪಷ್ಟವಾಗಿತ್ತು. ಅಂದೇ ಸಂಜೆಯಿಂದ ನನ್ನ ಬಲಭಾಗ ಆರು ವಾರಗಳ ಮಟ್ಟಿಗೆ ರಜೆಯ ಮೇಲೆ ಹೋಯಿತು.

ಬಲಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿ, ಅದು ಹಳೆಯ ಚಾಳಿಯಲ್ಲಿ ಹೊರಗೆ ಬರದಿರಲೆಂದು ಅಂಗಿಯ ತೋಳನ್ನು ಜೇಬಿಗೆ ಸೇರಿಸಿ ಪಿನ್ನು ಹಾಕಿಕೊಂಡೆ. ಹಲ್ಲುಜ್ಜುವುದು, ಗುಂಡಿ ಹಾಕುವುದು, ಊಟ ಎಲ್ಲ ಎಡಗೈಯಲ್ಲಿ. ಅಗಿಯುವುದು ಎಡದವಡೆಯಲ್ಲಿ. ಮೆಟ್ಟಿಲಿಗೆ ಪ್ರತಿ ಸಲವೂ ಎಡಗಾಲೇ ಮೊದಲು. ಬಲಗಾಲನ್ನು ಅತಿಥಿಯಂತೆ ಹಿಂದಿನಿಂದ ಕರೆಸಿಕೊಳ್ಳುತ್ತಿದ್ದೆ. ಬಲಗಿವಿಯನ್ನೂ ಬಳಸುವಂತಿಲ್ಲ, ಹೇಳುವುದಿದ್ದರೆ ಈ ಕಡೆ ಬಂದು ಹೇಳು ಎಂದು ಹೆಂಡತಿಗೆ ತಿಳಿಸಿದೆ.

"ಎರಡೂ ಕಿವಿ ಇದ್ದಾಗ ಏನು ಕೇಳಿಸ್ಕೊಂಡಿದ್ರಿ ಅಂತ?" ಎಂದು ಅವಳು ಆ ಕಡೆಯಿಂದಲೇ ಹೇಳಿ ಒಳಗೆ ಹೋದಳು.

ಮೂರನೆಯ ದಿನ ಎದುರುಮನೆಯ ಮೇಷ್ಟ್ರು ನನ್ನನ್ನು ಗೇಟಿನ ಹತ್ತಿರ ಹಿಡಿದರು. ನಿವೃತ್ತಿಯಾದ ಮೇಲೆ ಬೀದಿಯ ಹಾಜರಾತಿ ತೆಗೆದುಕೊಳ್ಳುವುದು ಅವರ ಕೆಲಸ. ನಾನು ಒಂದು ಕೈ ಜೇಬಿನಲ್ಲಿಟ್ಟು, ಮತ್ತೊಂದರಲ್ಲಿ ಚೀಲ ಹಿಡಿದು, ಮೆಟ್ಟಿಲನ್ನು ಒಂದೊಂದಾಗಿ ಇಳಿಯುವುದನ್ನು ಅವರು ಆಗಲೇ ಎರಡು ದಿನದಿಂದ ನೋಡುತ್ತಿದ್ದರು.

"ಏನಾಗಿದೆ ನಿಮಗೆ?"

"ಏನಿಲ್ಲ ಮೇಷ್ಟ್ರೇ. ಬಲ ಬಳಸ್ಬಾರ್ದು ಅಂದಿದ್ದಾರೆ ಡಾಕ್ಟ್ರು."

ಮೇಷ್ಟ್ರು ವ್ಯಾಕರಣ ಹೇಳಿಕೊಟ್ಟವರು. ಆ ಮಾತಿಗೆ ಯಾವ ಅರ್ಥ ಇರಬೇಕೋ ಅದೇ ಅರ್ಥ ಅವರಿಗೆ ಆಯಿತು: ಈ ಮನುಷ್ಯ ಯಾವುದಕ್ಕೂ ಶಕ್ತಿ ಹಾಕುವಂತಿಲ್ಲ. ನನ್ನ ಚೀಲವನ್ನು ಕಿತ್ತುಕೊಂಡು ಬಸ್ ನಿಲ್ದಾಣದವರೆಗೆ ತಾವೇ ಹೊತ್ತು ತಂದರು. "ಹೃದಯಾನಾ?" ಎಂದು ಮೆಲ್ಲಗೆ ಕೇಳಿದರು. ಅವರಿದ್ದದ್ದು ನನ್ನ ಬಲಗಡೆ. ನಾನು ಆ ಕಿವಿಯನ್ನು ಬಳಸುತ್ತಿರಲಿಲ್ಲವಾದ್ದರಿಂದ ಸುಮ್ಮನೆ ತಲೆಯಾಡಿಸಿದೆ.

ಸಂಜೆಯೊಳಗೆ ನನಗೆ ಹೃದಯದ ತೊಂದರೆ ಇರುವ ಸಂಗತಿ ನಮ್ಮ ಬೀದಿಯನ್ನು ದಾಟಿತು. ಎರಡು ದಿನದಲ್ಲಿ ಬೀಗರ ಮನೆ ತಲುಪಿತು. ಅಲ್ಲಿಗೆ ಹೋಗುವಷ್ಟರಲ್ಲಿ ಹೃದಯದ ಮುಕ್ಕಾಲು ಭಾಗ ಕೆಲಸ ನಿಲ್ಲಿಸಿತ್ತು. ಬೀಗಿತ್ತಿ ಓಡೋಡಿ ಬಂದರು. ಆಕೆ ಒಳ್ಳೆಯವರು, ಮೆಲ್ಲಗೆ ಮಾತಾಡಿದರೆ ಮಾತು ಮನಸ್ಸಿನಿಂದ ಬಂದಂತಾಗುವುದಿಲ್ಲ ಎಂದು ನಂಬಿದವರು.

"ಬೀಗ್ರೇ! ನೀವು ಏಳ್ಬೇಡಿ! ಕೂತಲ್ಲೇ ಕೂತಿರಿ! ಮದುವೆಯ ಒಂದು ಕಡ್ಡಿ ಕೆಲಸಾನೂ ನೀವು ಮುಟ್ಬಾರ್ದು!"

"ಅಯ್ಯೋ, ಅಂಥದ್ದೇನೂ ಇಲ್ಲಮ್ಮ. ಬಲ ಬಳಸ್ಬೇಡಿ ಅಂದಿದ್ದಾರೆ, ಅಷ್ಟೇ."

"ಅದೇ ನಾವೂ ಕೇಳಿದ್ದು!" ಎಂದು ಕಣ್ಣೊರೆಸಿಕೊಂಡರು.

ನನಗಿದು ಹಿತವಾಗಿಯೇ ಇತ್ತು. ನಂಟರಿಷ್ಟರ ಮದುವೆಗಳಲ್ಲಿ ದುಡಿದು, ಮದುವೆಯ ಕೆಲಸವೆಂದರೆ ಏನೆಂದು ಬಲ್ಲವನು ನಾನು. ಕುರ್ಚಿ ಹೊರುವುದು, ಹಂಚುವುದು, ಓಡಾಡುವುದು ಎಲ್ಲದರಿಂದಲೂ ಮುಕ್ತಿ ಸಿಕ್ಕಿತ್ತು. ನನ್ನ ವ್ಯಾಯಾಮಕ್ಕೆ ಇಷ್ಟು ಬೇಗ ಫಲ ಸಿಕ್ಕಿದ್ದನ್ನು ಕಂಡು ಡಾಕ್ಟರ ಮೇಲಿನ ಗೌರವ ಇಮ್ಮಡಿಯಾಯಿತು.

ಕಚೇರಿಯಲ್ಲಿ ಮೊದಲ ಅನಾಹುತ ನನ್ನ ಗುಮಾಸ್ತನಿಂದಲೇ ಆಯಿತು. ಎಲ್ಲರೂ ಅವನನ್ನು ನನ್ನ ಬಲಗೈ ಬಂಟ ಎಂದು ಕರೆದು ಕರೆದು, ಕೊನೆಗೆ 'ಬಲಗೈ' ಎಂಬುದೇ ಅವನ ಹೆಸರಾಗಿತ್ತು. ಇನ್ನು ಆರು ವಾರ ಬಲಗೈಗೆ ಯಾವ ಕೆಲಸವನ್ನೂ ಕೊಡುವುದಿಲ್ಲ ಎಂದು ನಾನು ಮೇಜಿನ ಮುಂದೆ ಪ್ರಕಟಿಸಿದಾಗ ಅವನು ಹಿಡಿದಿದ್ದ ಕಡತವನ್ನು ಮೇಜಿನ ಮೇಲಿಟ್ಟುಬಿಟ್ಟ.

"ನಾನೇನು ತಪ್ಪು ಮಾಡ್ದೆ ಸಾರ್? ಹದಿನೈದು ವರ್ಷ ಆದ್ಮೇಲೆ ಹಿಂಗೆ ಕೈಬಿಡೋದಾ?"

ಅವನಿಗೆ ಸಮಾಧಾನ ಹೇಳುವಷ್ಟರಲ್ಲಿ ಮಧ್ಯಾಹ್ನವಾಯಿತು.

ಎಡಗೈ ಸಹಿಯ ವಿಷಯ ಬೇರೆ. ನನ್ನ ಸಹಿ ಸುಮಾರಿನದಲ್ಲ: ಮೊದಲು ಒಂದು ಕೊಕ್ಕೆ, ನಂತರ ಎರಡು ಅಲೆ, ಕೆಳಗೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಮೊದಲ ದಿನ ಎಡಗೈಯಲ್ಲಿ ಅದನ್ನು ಮುಗಿಸಲು ಹನ್ನೊಂದು ನಿಮಿಷ ಹಿಡಿಯಿತು. ಕಾಯುತ್ತ ನಿಂತ ಜೋಡಿ ಅಷ್ಟರಲ್ಲಿ ಒಂದು ಸಣ್ಣ ಜಗಳವಾಡಿ ರಾಜಿಯೂ ಆಯಿತು. ಆದರೆ ನಾನು ಎಡಬಿಡದೆ ಸಾಧನೆ ಮಾಡಿದೆ. ಮೂರನೆಯ ವಾರಕ್ಕೆ ಅಲೆ ಪಳಗಿತು. ಐದನೆಯ ವಾರಕ್ಕೆ ಕೊಕ್ಕೆಗೆ ಒಂದು ಸೊಗಸು ಬಂತು, ಹಳೆಯ ಸಹಿಗಿರದ ಗತ್ತು ಬಂತು. ಪತ್ರವನ್ನು ದೂರ ಹಿಡಿದು ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಎದುರಿಗೆ ಮದುವೆಯಾಗುತ್ತಿದ್ದವರು ಯಾರು, ಅವರ ಮುಖ ಹೇಗಿತ್ತು ಎಂದು ಕೇಳಿದರೆ ಆಣೆಗೂ ನನಗೆ ಗೊತ್ತಿಲ್ಲ. ಹೀಗೆ ಮೂವತ್ತೇಳು ಜೋಡಿಗಳನ್ನು ನಾನು ಎಡಗೈಯಲ್ಲಿ ಒಂದುಗೂಡಿಸಿದೆ.

ಮಗಳ ಮದುವೆಯ ಹಿಂದಿನ ದಿನ ಮುಖ್ಯ ಕಚೇರಿಯಿಂದ ಪತ್ರ ಬಂತು. ನಮ್ಮಲ್ಲಿಂದ ಹೋದ ಮೂವತ್ತೇಳು ಪ್ರಮಾಣಪತ್ರಗಳ ಸಹಿ ಅವರಲ್ಲಿರುವ ಮಾದರಿ ಸಹಿಗೆ ತಾಳೆಯಾಗುತ್ತಿಲ್ಲವಂತೆ. ಯಾರೋ ಅಪರಿಚಿತ ವ್ಯಕ್ತಿ ಅಧಿಕಾರಿಯ ಕುರ್ಚಿಯಲ್ಲಿ ಕೂತಿರುವ ಶಂಕೆ ಇದೆಯಂತೆ. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಮೇಲಧಿಕಾರಿಗಳು ತಪಾಸಣೆಗೆ ಬರುತ್ತಾರಂತೆ. ಮೂವತ್ತೇಳೂ ಜೋಡಿಗಳಿಗೆ ಪತ್ರ ಸಮೇತ ಹಾಜರಾಗಲು ಸೂಚನೆ ಹೋಗಿದೆಯಂತೆ.

ಮಗಳ ಮದುವೆಗೆ ಗೊತ್ತಾಗಿದ್ದ ಹೊತ್ತು ಹನ್ನೊಂದು ಗಂಟೆ.

ಮರುದಿನ ನಾನು ಕಚೇರಿಯ ಬಾಗಿಲಿಗೆ ಹೋದಾಗ ಬೀಗರು ಒಂದು ಕೈಕುರ್ಚಿ ಹಿಡಿಸಿಕೊಂಡು ಕಾದಿದ್ದರು. ಕಚೇರಿ ಇರುವುದು ಮೇಲಿನ ಮಹಡಿಯಲ್ಲಿ.

"ಕೂತ್ಕೊಳ್ಳಿ ಬೀಗ್ರೇ. ಇಪ್ಪತ್ತಾರು ಮೆಟ್ಲಿದೆ. ನಿಮಗೆ ಬಲ ಬಳಸ್ಬೇಡಿ ಅಂದಿದ್ದಾರಲ್ಲ!"

ಬೇಡ ಎಂದೆ, ಬಲವಂತ ಮಾಡಿ ಕೂರಿಸಿದರು. ಬೀಗರು ಒಂದು ಕಡೆ, ಅಳಿಯನಾಗುವವನು ಇನ್ನೊಂದು ಕಡೆ, ಹಿಂದೆ ಮೇಷ್ಟ್ರು, ಮುಂದೆ 'ದಾರಿ ಬಿಡಿ, ದಾರಿ ಬಿಡಿ!' ಎಂದು ಬೀಗಿತ್ತಿ. ಮೆಟ್ಟಿಲಿನ ಎರಡೂ ಬದಿಗೆ ಎಪ್ಪತ್ತನಾಲ್ಕು ಮಂದಿ ಗಂಡಹೆಂಡಿರು ಗೋಡೆಗೆ ಅಂಟಿ ನಿಂತಿದ್ದರು. ಅವರ ನಡುವೆ ನನ್ನ ಮೆರವಣಿಗೆ ಏರಿತು.

"ಸಾರ್, ನಮಗೆ ಮದುವೆ ಆಗಿದ್ಯೋ ಇಲ್ವೋ ಬೇಗ ಹೇಳಿ," ಎಂದ ಒಬ್ಬ. "ಇವಳು ನಿನ್ನೆಯಿಂದ ನನ್ನನ್ನೇ 'ನೀವು ಯಾರು' ಅಂತ ಕೇಳ್ತಿದ್ದಾಳೆ."

"ನಮಗೇನೂ ಅವಸರ ಇಲ್ಲ ಸಾರ್, ನಿಧಾನವಾಗಿ ವಿಚಾರ ಮಾಡಿ," ಎಂದ ಇನ್ನೊಬ್ಬ. ಪಕ್ಕದಲ್ಲಿದ್ದವಳು ಅವನನ್ನು ನೋಡಿದ ನೋಟಕ್ಕೆ ಅವನು ಎರಡು ಮೆಟ್ಟಿಲು ಕೆಳಗಿಳಿದ.

ಮೇಲಧಿಕಾರಿ ನನ್ನ ಕುರ್ಚಿಯಲ್ಲಿ ಕೂತಿದ್ದರು. ಕನ್ನಡಕವನ್ನು ಸರಪಳಿಗೆ ಕಟ್ಟಿ ಎದೆಯ ಮೇಲೆ ಇಳಿಬಿಟ್ಟಿದ್ದ ಮೇಡಂ. ನನ್ನನ್ನು ಹೊತ್ತು ತಂದು ಇಳಿಸಿದ್ದನ್ನು ನೋಡಿ ಅವರು ಏನೋ ಬರೆದುಕೊಂಡರು. ಆಮೇಲೆ ಹಳೆಯ ಮಾದರಿ ಸಹಿಯ ಹಾಳೆಯನ್ನು ಮೇಜಿನ ಮೇಲಿಟ್ಟರು.

"ನಿಮ್ಮ ಸಹಿ ಹಾಕಿ ತೋರಿಸಿ."

ನಾನು ಧೈರ್ಯವಾಗಿಯೇ ಎಡಗೈಯಲ್ಲಿ ಹಾಕಿದೆ. ಕೊಕ್ಕೆ, ಅಲೆ, ಗತ್ತು ಎಲ್ಲ ಇತ್ತು.

"ಇದು ಆ ಮೂವತ್ತೇಳು ಪತ್ರದಲ್ಲಿರೋ ಮನುಷ್ಯನ ಸಹಿ. ನಿಮ್ಮದು ಹಾಕಿ."

ಪಿನ್ನು ತೆಗೆದು ಬಲಗೈಯನ್ನು ಜೇಬಿನಿಂದ ಎಬ್ಬಿಸಿದೆ. ಆರು ವಾರ ರಜೆ ತಿಂದ ಕೈ. ಪೆನ್ನು ಹಿಡಿದದ್ದೇ ಗಡಗಡ ನಡುಗಿತು. ಕಾಗದದ ಮೇಲೆ ಎರೆಹುಳು ಹರಿದಂತೆ ಏನೋ ಮೂಡಿತು.

"ಇದು ಯಾರದ್ದೂ ಅಲ್ಲ," ಎಂದರು ಮೇಡಂ. "ಹಾಗಾದ್ರೆ ನೀವು ಯಾರು?"

"ನನ್ನ ಗಂಡ, ಮೇಡಂ," ಎಂದಳು ನನ್ನವಳು ಹಿಂದಿನಿಂದ.

"ಮದುವೆ ಪತ್ರ ಇದ್ಯಾ?"

ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಸಾವಿರಾರು ಜನರ ಮದುವೆ ನೋಂದಾಯಿಸಿದ ಭರದಲ್ಲಿ ನಮ್ಮದನ್ನು ನೋಂದಾಯಿಸುವುದು ಮರೆತೇ ಹೋಗಿತ್ತು. ಮೇಡಂ ಮತ್ತೆ ಬರೆದುಕೊಂಡರು.

ನಾನು ಇದ್ದ ವಿಷಯ ಹೇಳಿಬಿಟ್ಟೆ. ಫೋಟೋ ಹೇಳಿದೆ, ಭುಜ ಹೇಳಿದೆ, ಬಲ ಬಳಸಬೇಡಿ ಎಂದ ಡಾಕ್ಟರ ಮಾತು ಹೇಳಿದೆ. ಆಗ ಬಾಗಿಲಲ್ಲಿದ್ದ ಗುಂಪಿನಿಂದ ಒಂದು ತಲೆ ಮುಂದೆ ಬಂತು. ಅದೇ ಡಾಕ್ಟರು! ಪಕ್ಕದಲ್ಲಿ ಹೊಸ ಹೆಂಡತಿ, ಕೈಯಲ್ಲಿ ಹತ್ತೊಂಬತ್ತನೆಯ ಪತ್ರ. ಹದಿನೈದು ದಿನದ ಹಿಂದೆ ನಾನೇ ಅವರಿಗೆ ಮದುವೆ ಮಾಡಿಸಿದ್ದೆನಂತೆ. ನನ್ನ ಕಣ್ಣು ಆಗ ನನ್ನ ಎಡಗೈಯ ಮೇಲಿತ್ತು. ಅವರ ಕಣ್ಣು ಮದುಮಗಳ ಮೇಲಿತ್ತು. ಹಾಗಾಗಿ ಒಬ್ಬರನ್ನೊಬ್ಬರು ನೋಡಿರಲಿಲ್ಲ.

"ಸಾರ್!" ಎಂದು ಅವರು ತಲೆ ಮೇಲೆ ಕೈ ಹೊತ್ತರು. "ನಾನು ಹೇಳಿದ್ದು ಬಲ ಅಂದ್ರೆ ಶಕ್ತಿ! ಮೈಮೇಲೆ ಜೋರು ಹಾಕ್ಬೇಡಿ, ನಿಧಾನ ಮಾಡಿ ಅಂದೆ. ಬಲಗೈಗೆ ಹತ್ತು ಸಲ ಅಂತ ನಾನೇ ಹೇಳಿರ್ಲಿಲ್ವಾ?"

"ಹೇಳಿದ್ರಿ. ಆದ್ರೆ ಆಮೇಲಿನ ಆದೇಶದಿಂದ ಅದು ರದ್ದಾಯ್ತಲ್ಲ," ಎಂದೆ.

ಮೇಡಂ ಮೊದಲ ಬಾರಿಗೆ ನನ್ನತ್ತ ಸ್ವಲ್ಪ ಗೌರವದಿಂದ ನೋಡಿದರು. ಅವರೂ ಕಚೇರಿಯವರೇ ತಾನೆ. ಬೀಗಿತ್ತಿ ಮಾತ್ರ "ಅಂದ್ರೆ ಹೃದಯ ಚೆನ್ನಾಗಿದ್ಯಾ?" ಎಂದು ಇಡೀ ಮಹಡಿಗೆ ಕೇಳಿಸುವಂತೆ ಕೇಳಿದರು. ಬೀಗರು ತಮ್ಮ ಸೊಂಟ ಉಜ್ಜಿಕೊಳ್ಳುತ್ತ ಕುರ್ಚಿಯನ್ನು ನೋಡಿದರು.

"ಅದೆಲ್ಲ ಸರಿ," ಎಂದರು ಮೇಡಂ. "ಆದ್ರೆ ನನಗೆ ಬೇಕಾದ್ದು ಸಹಿ. ಮಾದರಿಗೆ ತಾಳೆಯಾದ್ರೆ ಮೂವತ್ತೇಳಕ್ಕೂ ಮತ್ತೆ ಹಾಕಿಕೊಡಿ, ಕೆಲಸ ಮುಂದುವರಿಸಿ. ಆಗ್ಲಿಲ್ವೋ, ಈ ಕುರ್ಚಿಯಿಂದ ಇವತ್ತು ಯಾವ ಮದುವೇನೂ ಆಗಲ್ಲ. ಬೇರೆ ಕಚೇರಿಯಿಂದ ಅಧಿಕಾರೀನ ಕರೆಸ್ತೀನಿ."

ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು. "ಬೇರೆಯವ್ರು ಸಹಿ ಹಾಕಿದ್ರೂ ಮದುವೆ ಮದುವೇನೇ ಅಲ್ವಾ ಅಮ್ಮ?" ಎಂದು ಬೀಗರು ಮೆಲ್ಲಗೆ ನನ್ನ ಮಗಳಿಗೆ ಹೇಳಿದರು. ಅವಳು ಜಗ್ಗಲಿಲ್ಲ. ನಾನು ಮತ್ತೆ ಬರೆದೆ, ಎರೆಹುಳು. ಮತ್ತೊಮ್ಮೆ, ಇನ್ನೂ ದೊಡ್ಡ ಎರೆಹುಳು. ನೆಟ್ಟಗೆ ನಿಲ್ಲುವ ಹುಚ್ಚಿನಲ್ಲಿ ಮಗಳು ಕೇಳಿದ ಒಂದೇ ಒಂದು ವಸ್ತುವನ್ನು ಕಳೆದುಕೊಂಡೆನಲ್ಲ ಎಂದು ನಿಜವಾಗಿಯೂ ದುಃಖವಾಯಿತು.

ಆಗ ಮಗಳು ಬಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಬಗ್ಗಿ, ಉಸಿರು ಬಿಡುವಷ್ಟರಲ್ಲಿ ಒಂದು ಸಹಿ ಹಾಕಿದಳು. ಕೊಕ್ಕೆ, ಎರಡು ಅಲೆ, ಗೆರೆ, ಎರಡು ಚುಕ್ಕೆ.

ಮೇಡಂ ಕನ್ನಡಕ ಏರಿಸಿ ನೋಡಿದರು. "ಇದೇ! ಕೂದಲೆಳೆ ವ್ಯತ್ಯಾಸ ಇಲ್ಲ. ಇದನ್ನ ನೀವು ಎಲ್ಲಿ ಕಲಿತ್ರಿ?"

ಮಗಳ ಮುಖ ಕೆಂಪಾಯಿತು. "ಎಂಟನೇ ಕ್ಲಾಸಲ್ಲಿ ಮೇಡಂ. ಗಣಿತದ ಅಂಕಪಟ್ಟಿಗೆ. ನಾಲ್ಕು ಸಲ."

ಎಂಟನೆಯ ತರಗತಿಗೆ ಆ ವರ್ಷ ಗಣಿತದ ಪರೀಕ್ಷೆಯನ್ನೇ ಇಟ್ಟಿರಲಿಲ್ಲ ಎಂದು ನಾನು ಆವತ್ತಿನವರೆಗೂ ನಂಬಿಕೊಂಡಿದ್ದೆ. ಮೇಷ್ಟ್ರು ಅವಳಿಗೆ ಪಾಠ ಹೇಳಿದವರು. ಅವರು ಕಿಟಕಿಯ ಹೊರಗೆ ನೋಡತೊಡಗಿದರು.

"ಅಪ್ಪ, ಬಯ್ಯೋದಿದ್ರೆ ಆಮೇಲೆ ಬಯ್ಯಿ," ಎಂದು ಅವಳು ಪೆನ್ನನ್ನು ನನ್ನ ಬಲಗೈಗೆ ಕೊಟ್ಟು, ಅದರ ಮೇಲೆ ತನ್ನ ಕೈ ಇಟ್ಟಳು. ಅವಳು ಅಕ್ಷರ ಕಲಿಯುವಾಗ ನಾನು ಅವಳ ಕೈ ಹಿಡಿದದ್ದು ಹೀಗೆಯೇ. "ಮೊದಲು ಕೊಕ್ಕೆ. ನೀನು ಪೆನ್ನನ್ನ ಒತ್ತಿ ಹಿಡೀತೀಯ, ಅದಕ್ಕೇ ನಡುಗೋದು. ಬಲ ಬಳಸ್ಬೇಡ. ಅದು ತಾನಾಗೇ ಹೋಗುತ್ತೆ."

ಈ ಸಲ ನನಗೆ ಅರ್ಥವಾಯಿತು.

ನಾಲ್ಕು ಸಲ ಅವಳ ಕೈ ಜೊತೆಗಿತ್ತು. ಐದನೆಯ ಸಲ ಅವಳು ಮೆಲ್ಲಗೆ ಕೈ ತೆಗೆದಳು. ಕೊಕ್ಕೆ ಬಂತು, ಅಲೆ ಬಂತು, ಗೆರೆ, ಚುಕ್ಕೆ, ಇನ್ನೊಂದು ಚುಕ್ಕೆ. ಮೇಡಂ ಎರಡೂ ಹಾಳೆಯನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಹೂಂ. ಇದು ನೀವೇ," ಎಂದು ಎದ್ದು ಕುರ್ಚಿ ಬಿಟ್ಟುಕೊಟ್ಟರು.

ಹನ್ನೊಂದು ಗಂಟೆಗೆ ಮಗಳ ಮದುವೆಪತ್ರಕ್ಕೆ ಸಹಿ ಹಾಕಿದೆ. ಅಷ್ಟು ಚೆನ್ನಾದ ಸಹಿಯನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಹಾಕಿರಲಿಲ್ಲ. ಆಮೇಲೆ ಮೂವತ್ತೇಳು ಪತ್ರಗಳು. ಅವಸರವಿಲ್ಲ ಎಂದಿದ್ದವನ ಹೆಂಡತಿ ಅವನ ಕಾಲರು ಹಿಡಿದು ಸರದಿಯ ಮೊದಲಿಗೆ ತಂದಳು. ಕೊನೆಗೆ ನನ್ನವಳು ಒಂದು ಅರ್ಜಿ ತುಂಬಿಸಿ ತಂದು ಮೇಡಂ ಮುಂದೆ ಇಟ್ಟಳು. ಅಧಿಕಾರಿ ತನ್ನ ಮದುವೆಯನ್ನು ತಾನೇ ನೋಂದಾಯಿಸುವಂತಿಲ್ಲವಲ್ಲ. ನಮ್ಮದಕ್ಕೆ ಮೇಡಂ ಸಹಿ ಬಿತ್ತು.

ಈಗ ಬೆಳಗ್ಗೆ ಎರಡು ನೀರಿನ ಬಾಟಲಿ ಹಿಡಿದು ವ್ಯಾಯಾಮ ಮಾಡುತ್ತೇನೆ. ಮೊದಲು ಎಡಗೈ ಹತ್ತು, ಆಮೇಲೆ ಬಲಗೈ ಹತ್ತು. ಹನ್ನೊಂದನೆಯದು ಇಲ್ಲ. ಭುಜಗಳ ಅಂತರ ಒಂದು ಬೆರಳಿಗೆ ಇಳಿದಿದೆ.

ಮದುವೆಯ ದಿನದ ಫೋಟೋ ಮೊನ್ನೆ ಕಟ್ಟು ಹಾಕಿಸಿಕೊಂಡು ಬಂತು. ಕಚೇರಿಯ ಮೆಟ್ಟಿಲ ಮೇಲೆ ಎಲ್ಲರೂ ನಿಂತಿದ್ದೇವೆ. ನಾನು ಮೊದಲಿಗಿಂತ ಹೆಚ್ಚು ವಾಲಿದ್ದೇನೆ. ಸ್ಟೂಲು ಹತ್ತಿ ನೇತುಹಾಕಿ, ನನ್ನವಳು ಹೇಳುವ ಮೊದಲೇ ಕಟ್ಟಿನ ಒಂದು ಮೂಲೆ ಇಳಿಸಲು ಹೋದೆ.

"ಬಿಡಿ, ಮುಟ್ಬೇಡಿ," ಎಂದಳು ಅವಳು. "ನೀವು ವಾಲಿರೋ ಕಡೆ ಮಗಳು ನಿಂತಿದ್ದಾಳೆ. ಅದು ಹಾಗೇ ಇರ್ಲಿ."